ಹಗ್ಗದಾಚೆಯ ಒಲೆ, ಹಗ್ಗದೀಚೆಯ ಇಟ್ಟಿಗೆ

ಆಸ್ಟ್ರೇಲಿಯದ ಬ್ಯಾಲರಾಟಿನ ಚಿನ್ನದ ಗಣಿಗಳ ಕಾಲದ ಬೀದಿಗಳನ್ನೂ ಕೆರೆಯಂಚಿನ ಹಳೆಯ ಟ್ರಾಮನ್ನೂ ಕನ್ನಡದಲ್ಲಿ ಕಂಡವರೆಲ್ಲ ಶ್ರೀಮತಿ ಅನುಸೂಯ ಅವರ ಕಣ್ಣಿನಿಂದ ಕಂಡವರೇ. ಮೈಸೂರಿನಲ್ಲಿ ಚರಿತ್ರೆ ಕಲಿಸುತ್ತಿದ್ದ ಅವರು ಮೆಲ್ಬರ್ನಿಗೆ ಬಂದು, ಐದು ವರ್ಷ ಕೆಲಸಕ್ಕಾಗಿ ಕಂಡಕಂಡ ಬಾಗಿಲು ತಟ್ಟಿ, ೨೦೦೧ರಲ್ಲಿ ಬ್ಯಾಲರಾಟಿನ ಹಳೆಯ ಗಣಿಗಾರನೊಬ್ಬನ ಮನೆಯ ಪುಟ್ಟ ಸಂಗ್ರಹಾಲಯದಲ್ಲಿ ಮಾರ್ಗದರ್ಶಿಯಾದರು. ಮೆಲ್ಬರ್ನಿನಿಂದ ಹೊರಟ ಮುಂಜಾನೆಯ ರೈಲು ಮಂಜಿನೊಳಗೆ ಹೊಕ್ಕಾಗ ಕಣ್ಣು ಮುಚ್ಚಿದರೆ ನೂರೈವತ್ತು ವರ್ಷ ಹಿಂದಿನ ಊರು ಮೆಲ್ಲನೆ ಎದ್ದು ಬರುತ್ತಿತ್ತು. ಇಳಿದು ನಡೆದರೂ ಆ ಕನಸು ಪೂರ್ತಿ ಹರಿಯುತ್ತಿರಲಿಲ್ಲ.

ಕೆಲಸ ಖಾಯಮಾಗಲು ಇನ್ನೊಂದೇ ವಾರವಿದ್ದಾಗ, ಸಿಡ್ನಿಯ ಪ್ಯಾರಮಟ್ಟಾದಿಂದ ಯೋಗೀಶ ಎಂಬುವರು ಧಾರವಾಡದ ತಮ್ಮ ತಾಯಿ ಗಿರಿಜವ್ವನವರನ್ನು ಕರೆತಂದರು. ಅನುಸೂಯ ಅತ್ತ ತಿರುಗಿ ಇತ್ತ ನೋಡುವಷ್ಟರಲ್ಲಿ ಗಿರಿಜವ್ವ, ನೋಡುಗರು ದಾಟದಂತೆ ಕಟ್ಟಿದ್ದ ಹಗ್ಗದಡಿ ನುಸುಳಿ, ಅಡುಗೆಮನೆಯ ಹಳೆಯ ಇಟ್ಟಿಗೆ ಒಲೆಗೆ ಕುಂಕುಮವಿಟ್ಟು ಕೈಮುಗಿದು ನಿಂತಿದ್ದರು.

"ಎಷ್ಟ ಮಂದಿ ಹೊಟ್ಟಿ ತುಂಬಿಸೇತೋ ಈ ಒಲಿ. ಬರೇ ಹಣಿಲೆ ಹ್ಯಾಂಗ ಬಿಡೂದವಾ?"

ಯೋಗೀಶ ಟಿಶ್ಯೂ ತೆಗೆದರು. "ಆಂಟಿ, ಯಾರೂ ನೋಡಿಲ್ಲ, ಕ್ಲೀನ್ ಮಾಡಿಬಿಡ್ತೀನಿ."

"ಬೇಡಪ್ಪ, ಒರೆಸಿದ್ರೆ ಇಟ್ಟಿಗೆ ಒಳಗೇ ಇಳಿಯುತ್ತೆ. ನಾನೇ ಹೋಗಿ ಹೇಳ್ತೀನಿ."

ಹೇಳಿದರು. ಮೇಲ್ವಿಚಾರಕಿ ಮಾರ್ಗರೆಟ್ ತಜ್ಞರನ್ನು ಕರೆಸಿ ಕಲೆ ತೆಗೆಸಿದರು. ಪರೀಕ್ಷಾವಧಿ ಇನ್ನೂ ಆರು ತಿಂಗಳು ಬೆಳೆಯಿತು. ಸತ್ಯಕ್ಕೆ ಸಾವಿಲ್ಲವೆಂಬುದು ನಿಜವೇ, ಆದರೆ ಅದು ಕಾಯಿಸುವುದೂ ಅಷ್ಟೇ ನಿಜ. ಮರುವಾರ ಅನುಸೂಯ ತಮ್ಮ ಹಿತ್ತಲಿನ ಇಟ್ಟಿಗೆಯೊಂದನ್ನು ಚೀಲದಲ್ಲಿ ಹೊತ್ತು ತಂದು, ಮಾರ್ಗರೆಟ್ ಅವರ ಒಪ್ಪಿಗೆ ಪಡೆದು ಹಗ್ಗದ ಈಚೆ ಇಟ್ಟರು. ಒಲೆಗೆ ಸಲ್ಲಬೇಕಾದ ಮರ್ಯಾದೆ ಅಲ್ಲಿ ಸಲ್ಲತೊಡಗಿತು: ನಮ್ಮವರ ಅರಿಸಿನ ಕುಂಕುಮ, ಯಾರೋ ಗ್ರೀಕ್ ಅಜ್ಜಿಯ ರೋಸ್‌ಮೆರಿ ಎಲೆ, ಶಾಲೆಯ ಮಕ್ಕಳು ಕಿತ್ತು ತಂದ ಹುಲ್ಲುಹೂ.

೨೦೦೯ರಲ್ಲಿ, ತಮ್ಮ ಸೇವೆಯ ಕೊನೆಯ ದಿನ ಅವರು ಬಂದಾಗ ಇಟ್ಟಿಗೆ ಜಾಗದಲ್ಲಿರಲಿಲ್ಲ. ಎಂಟು ವರ್ಷದ ಇಟ್ಟಿಗೆ, ಎಲ್ಲಿ ಎಸೆದರೋ ಎಂದು ಅವರಿಗೆ ಅಳುವೇ ಬಂತು. ಮಾರ್ಗರೆಟ್ ಕೈ ಹಿಡಿದು ಒಳಗೆ ಕರೆದೊಯ್ದರು. ಕೆಂಪೇರಿದ ಇಟ್ಟಿಗೆ ಹಗ್ಗದಾಚೆ, ಒಲೆಯ ಪಕ್ಕದಲ್ಲಿ, ಸಂಗ್ರಹದ ಸಂಖ್ಯೆ ಹೊತ್ತು ಕುಳಿತಿತ್ತು. ಮುಂದೆ ಫಲಕ: ಮುಟ್ಟಬಾರದು.

ಅನುಸೂಯ ಕಣ್ಣೊರೆಸಿಕೊಂಡು ನಕ್ಕರು. "ಹಾಗಾದ್ರೆ ನಾಳೆ ಇನ್ನೊಂದು ತರಬೇಕಾಯ್ತಲ್ಲ."

ಮರುದಿನ, ನಿವೃತ್ತಿಯ ಮೊದಲ ಬೆಳಿಗ್ಗೆ, ಅದೇ ರೈಲಿನಲ್ಲಿ ತಂದೇಬಿಟ್ಟರು. ಆ ಎರಡನೆಯ ಇಟ್ಟಿಗೆಯೂ ಕೆಂಪೇರಿ ಹಗ್ಗ ದಾಟುವುದನ್ನು ಅವರು ಕಣ್ಣಾರೆ ಕಾಣಲಿ, ಮೂರನೆಯದನ್ನು ಹೊರುವಷ್ಟು ಕಸುವು ಅವರ ತೋಳಿಗಿರಲಿ.