ಕಾಲ್ಬೆರಳಿಗೆ ಕಟ್ಟಿದ ದಾರ

ಕೊಳ್ಳೇಗಾಲದಲ್ಲಿ ಬೆಳಗಾಯಿತೆಂದು ಕೋಳಿಯೇ ಕೂಗಿ ಹೇಳಬೇಕಾಗಿಲ್ಲ. ಆ ಕೆಲಸವನ್ನು ಚರಕದ ಮನೆಯ ಹೆಂಗಸರು ಇನ್ನೂ ಚೆನ್ನಾಗಿ ಮಾಡುತ್ತಾರೆ. ಮೂಡಲು ಕೆಂಪಾಗುವ ಹೊತ್ತಿಗೆ ಕೆಂಪನಂಜಪ್ಪನವರ ಚರಕದ ಮನೆಯ ಬಾಗಿಲಲ್ಲಿ ನಿಂತರೆ ‘ನಿಲ್ಲು’, ‘ಬುಡು’, ‘ನಿಲ್ಲಮ್ಮಿ’ ಎಂಬ ಕೂಗು ಮೊದಲು ಕಿವಿಗೆ ಬಡಿಯುತ್ತದೆ, ಬೆಂದ ಹುಳುವಿನ ವಾಸನೆ ಆಮೇಲೆ ಮೂಗಿಗೆ. ಸಾಲಾಗಿ ಒಲೆಗಳು, ಒಲೆಯ ಮೇಲೆ ಕುದಿಯುವ ನೀರು, ನೀರಿನಲ್ಲಿ ತೇಲುವ ರೇಷ್ಮೆ ಗೂಡು. ಒಲೆಯ ಮುಂದೆ ಕುಳಿತವಳು ಗೂಡುಗಳಿಂದ ಎಳೆ ಹಿಡಿದು ಕೊಡುತ್ತಾಳೆ. ತುಸು ಆಚೆ ನಿಂತವರು ಮರದ ರಾಟೆ ತಿರುಗಿಸಿ ನೂಲು ಸುತ್ತಿಕೊಳ್ಳುತ್ತಾರೆ. ಎಳೆ ಕಡಿದ ಕೂಡಲೇ ರಾಟೆ ನಿಲ್ಲಬೇಕು. ನಿಲ್ಲದಿದ್ದರೆ ಕಡಿದ ತುದಿ ರಾಟೆಗೆ ಸುತ್ತಿದ ನೂಲಿನ ಲಡಿಯೊಳಗೆ ಹೂತುಹೋಗಿ, ಹುಡುಕುವಷ್ಟರಲ್ಲಿ ನೂಲೆಲ್ಲ ಸಿಕ್ಕಾಗುತ್ತದೆ. ಒಲೆಯವಳ ಎರಡು ಕೈಯೂ ನೀರಿನಲ್ಲಿ, ರಾಟೆಯವರ ಕಣ್ಣು ರಾಟೆಯ ಮೇಲೆ, ನಡುವೆ ದಟ್ಟ ಹಬೆ. ಅದಕ್ಕೇ ಈ ಕೂಗಾಟ.

ಇವತ್ತು ಮಾತ್ರ ಮೂಲೆಯ ಒಂದು ಒಲೆಯಿಂದ ಸದ್ದೇ ಇಲ್ಲ. ಅಲ್ಲಿ ನೀರಿಗೆ ಕೈ ಹಾಕಿ ಕುಳಿತವಳು ಯಳಂದೂರು ಕಡೆಯ ಅಗರದ ಪುಟ್ಟಬಸಮ್ಮ. ಹುಟ್ಟಿನಿಂದ ಕಿವಿ ಕೇಳದು, ಮಾತೂ ಬಾರದು. ರಾಟೆ ಹಿಡಿದು ನಿಂತವನು ಹನೂರಿನಾಚೆ ಕಾಡಂಚಿನ ಹೂಗ್ಯಂನ ನಿಂಗಯ್ಯ. ಚಿಕ್ಕಂದಿನಲ್ಲಿ ಸಿಡುಬು ಬಂದು ಅವನ ಎರಡೂ ಕಣ್ಣು ಹೋದವು. ಅವಳಿಗೆ ಅವನ ಮಾತು ಕೇಳದು, ಅವನಿಗೆ ಅವಳ ಸನ್ನೆ ಕಾಣದು. ಇಂಥ ಇಬ್ಬರನ್ನು ಒಂದೇ ನೂಲಿನ ಎರಡು ಕಡೆ ಇಟ್ಟ ಪುಣ್ಯಾತ್ಗಿತ್ತಿ ಯಾರೆಂದರೆ, ಪಕ್ಕದ ಒಲೆಯಲ್ಲಿ ತನ್ನ ಗೂಡನ್ನು ಮರೆತು ಇವರನ್ನೇ ನೋಡುತ್ತ ಕುಳಿತಿರುವ ದೊಡ್ಡಮಾದಮ್ಮ. ನಾನು ಮೈಸೂರಿನಿಂದ ಬಂದದ್ದು ಸೀರೆ ನೇಯುವವರ ಬಗ್ಗೆ ಪತ್ರಿಕೆಗೆ ಬರೆಯಲು. ನಿನ್ನೆ ಈಕೆಯ ಮಾತು ಕೇಳಿದ ಮೇಲೆ ಸೀರೆ ಎಲ್ಲಿ ಹೋಯಿತೋ ಗೊತ್ತಿಲ್ಲ.

ಮಧ್ಯಾಹ್ನದ ಊಟದ ಹೊತ್ತಿಗೆ ಈ ಮೂಲೆಯ ಒಲೆಯ ಹಣೆಬರಹ ತೀರ್ಮಾನವಾಗಬೇಕು. ಯಜಮಾನರು ಹಾಕಿರುವ ಕರಾರು ಕೇಳಿ. ಒಲೆ ಹಚ್ಚಿದಾಗಿನಿಂದ ಊಟದವರೆಗೆ ಇಬ್ಬರೇ ನೂಲು ತೆಗೆಯಬೇಕು. ಬೇರೆ ಯಾರೂ ಬಾಯಿ ಹಾಕಬಾರದು, ಕೈ ಹಾಕಬಾರದು. ನೂಲು ಸಮನಾಗಿ ಬಂದರೆ ಒಲೆ ಅವರದು, ಆಳು ಸಾಲದಾದಾಗ ಮಾತ್ರವಲ್ಲ, ವರ್ಷವಿಡೀ. ಬಾರದಿದ್ದರೆ ಇಬ್ಬರೂ ಅವರವರ ಊರಿಗೆ ಹೋಗಬೇಕು, ಮತ್ತು ದೊಡ್ಡಮಾದಮ್ಮ ಇನ್ನು ಮುಂದೆ ಇಂಥ ಯಾರನ್ನೂ ಈ ಬಾಗಿಲಿಗೆ ಕರೆತರಬಾರದು.

“ಧರ್ಮಕ್ಕ ಬೇಕಾರ ದಿನಾ ಮುದ್ದೆ ಇಕ್ಕುಸ್ತೀನಿ ಸ್ವಾಮಿ. ನೂಲು ಧರ್ಮಕ್ಕ ಬತ್ತದಾ?” ಎನ್ನುತ್ತಾರೆ ಕೆಂಪನಂಜಪ್ಪ. ಹಣೆ ತುಂಬ ವಿಭೂತಿ, ಹೆಗಲ ಮೇಲೆ ಮಡಿಸಿದ ಟವೆಲು. ಕೆಟ್ಟ ಮನುಷ್ಯರಲ್ಲ, ನೂಲಿನ ವಿಷಯಕ್ಕೆ ಬಂದರೆ ಹೆತ್ತ ತಾಯಿಯನ್ನೂ ನಂಬದವರು ಅಷ್ಟೆ.

“ನಾ ಮುದ್ದೆ ಕೇಳ್ನಿಲ್ಲ ಯಜಮಾನ್ರೆ, ಒಲೆ ಕೇಳ್ದಿ” ಎಂದು ದೊಡ್ಡಮಾದಮ್ಮ ಕುಳಿತಲ್ಲಿಂದಲೇ ತಿರುಗಿಸಿ ಕೊಡುತ್ತಾರೆ. ಆಕೆಯ ದನಿ ಒಡೆದ ಮಡಕೆಯಂತಿದೆ. ಮೂವತ್ತು ವರ್ಷ ಈ ಹಬೆಯಲ್ಲಿ ‘ನಿಲ್ಲು, ನಿಲ್ಲು’ ಎಂದು ಕೂಗಿದ ಗಂಟಲು ಅದು. ಪುಟ್ಟಬಸಮ್ಮ ತನ್ನ ಸನ್ನೆಯ ಭಾಷೆಯಲ್ಲಿ ಈಕೆಗೆ ಇಟ್ಟಿರುವ ಹೆಸರೂ ಅದೇ: ಎರಡು ಬೆರಳಿನಿಂದ ಕತ್ತಿನ ನರ ಮುಟ್ಟಿ ತೋರಿಸುತ್ತಾಳೆ. ಕೂಗು ಕೇಳದಿದ್ದರೇನು, ಕೂಗುವಾಗ ಉಬ್ಬುವ ನರ ಕಾಣುತ್ತದಲ್ಲ.

ದೊಡ್ಡಮಾದಮ್ಮನ ತವರು ಹನೂರು. ಗಂಡ ಬೇಗ ತೀರಿಕೊಂಡ ಮೇಲೆ ಕೊಳ್ಳೇಗಾಲಕ್ಕೆ ಬಂದು ಚರಕದ ಮನೆ ಸೇರಿದರು. ಮೊದಲ ದಿನ ಕುದಿನೀರಿಗೆ ಕೈ ಹಾಕಿ ಅತ್ತರಂತೆ. ಆಗ ಪಕ್ಕದಲ್ಲಿ ಕೂತು, ಗೂಡಿನ ಮೈಯನ್ನು ಹೇಗೆ ಸವರಿದರೆ ಎಳೆಯ ತುದಿ ತಾನಾಗಿ ಕೈಗೆ ಬರುತ್ತದೆ ಎಂದು ತೋರಿಸಿಕೊಟ್ಟವಳು ಮಾತು ಬಾರದ ಒಬ್ಬ ಹೆಂಗಸು.

“ನಂಗ ಕೆಲ್ಸ ಕಲ್ಸಿದ್ದು ಅವ್ಳು ಕಣ ಸಾ. ಅವ್ಳ ಕೈ ಚಂದ ಇನ್ನೊಬ್ರಿಗಿರ್ನಿಲ್ಲ. ಆದ್ರ ಅವ್ಳಿಗ ಅಂತ ಒಂದು ಒಲೆ ಯಾವತ್ತೂ ಕೊಡ್ನಿಲ್ಲ. ಯಾರಾರ ಜ್ವರ ಬಂದು ಮಲಗುದ್ರ ಅವ್ಳ ಕರ್ಯಾರು. ಮೂಗಿ, ಮೂಗಿ ಅಂತಲೇ ಕರುದ್ರು. ಒಂದಿನ ಬರ್ನಿಲ್ಲ. ವಿಚಾರ್ಸಾನ ಅಂದ್ರ ಯಾರ್ಗೂ ಅವ್ಳ ಎಸ್ರೇ ಗೊತ್ತಿಲ್ಲ.”

ಅದನ್ನು ಹೇಳುವಾಗ ಆಕೆಯ ಮುಖ ನೋಡಿದರೆ, ಇಂಥವರಿಗೆ ಒಲೆ ಕೊಡಿಸುವ ಈ ಕೆಲಸಕ್ಕೆ ಯಾಕೆ ಇಳಿದಿರಿ ಎಂದು ಕೇಳಬೇಕಾಗುವುದಿಲ್ಲ.

ಆಮೇಲೆ ಎರಡನೇ ಮಹಾಯುದ್ಧ ಬಂತು. ಪ್ಯಾರಾಚೂಟಿಗೆ ರೇಷ್ಮೆ ಬೇಕೆಂದು ಊರೂರಿನಲ್ಲಿ ಹೊಸ ಒಲೆ ಎದ್ದವು, ಆಳಿಗೆ ಬರ ಬಂತು. ದೊಡ್ಡಮಾದಮ್ಮ ಅದೇ ಸಮಯ ನೋಡಿ ಕಾಲು ಸೋತವಳೊಬ್ಬಳನ್ನು ಗೂಡು ಆರಿಸಲು ಕೂರಿಸಿದರು, ಕುಂತೂರಿನ ಕಿವುಡನೊಬ್ಬನನ್ನು ನೂಲು ಒಣಗಿಸಲು ಸೇರಿಸಿದರು. ಆಗ ಯಾವ ಯಜಮಾನನೂ ತಕರಾರು ಎತ್ತಲಿಲ್ಲ. ಯುದ್ಧ ಮುಗಿದು ರೇಷ್ಮೆ ಕೇಳುವವರು ಕಡಿಮೆಯಾದದ್ದೇ ತಡ, ಎಲ್ಲರಿಗಿಂತ ಮೊದಲು ಮನೆಗೆ ಹೋದವರು ಇವರೇ. “ಕೈ ಬೇಕಾದಾಗ ಕೈ ನೋಡ್ತಾರ, ಬ್ಯಾಡಾದಾಗ ಕಿವಿ ನೋಡ್ತಾರ” ಎನ್ನುತ್ತಾರೆ ಆಕೆ. ಇದಕ್ಕಿಂತ ಚೆನ್ನಾಗಿ ನನಗೆ ಬರೆಯಲು ಬಾರದು. ಆದ್ದರಿಂದಲೇ ಆಕೆ ಈಗ ಕೇಳುತ್ತಿರುವುದು ಹಂಗಾಮಿ ಕೆಲಸವನ್ನಲ್ಲ, ಯಾರೂ ಎಬ್ಬಿಸಲಾಗದ ಒಂದು ಒಲೆಯನ್ನು.

ನಿಂಗಯ್ಯ ಸಿಕ್ಕಿದ್ದು ಹೂಗ್ಯಂನಲ್ಲಿ ನೆಂಟರ ಮನೆಗೆ ಹೋದಾಗ. ಅಲ್ಲಿ ಅವನು ಮನೆಮನೆಗೆ ಹೋಗಿ ರಾಗಿ ಬೀಸುತ್ತಿದ್ದ. ಹೆಂಗಸರ ಕೆಲಸ ಮಾಡುತ್ತಾನೆಂದು ಊರೆಲ್ಲ ನಗುತ್ತಿತ್ತು. ದೊಡ್ಡಮಾದಮ್ಮ ಮಾತ್ರ ನಗದೆ ಬೀಸುವ ಕಲ್ಲಿನ ಸದ್ದು ಕೇಳುತ್ತ ಕುಳಿತರು. ಹೆಚ್ಚಿಲ್ಲ, ಕಡಿಮೆಯಿಲ್ಲ, ಒಂದೇ ಸಮ. ಇದು ರಾಟೆ ತಿರುಗಿಸುವ ತೋಳು ಎಂದು ಅಲ್ಲೇ ಗೊತ್ತು ಮಾಡಿಕೊಂಡು ಮುಂದಿನ ಬಸ್ಸಿಗೆ ಅವನನ್ನೂ ಹತ್ತಿಸಿಕೊಂಡು ಬಂದರು. ಪುಟ್ಟಬಸಮ್ಮನ ತಾಯಿ ಮಗಳನ್ನು ಕಳಿಸಲು ಹಿಂದೆಮುಂದೆ ನೋಡಿದಳು. ಯಳಂದೂರು ಮೈಸೂರು ಸರ್ಕಾರಕ್ಕೆ ಸೇರಿದ್ದು, ಕೊಳ್ಳೇಗಾಲ ಇನ್ನೂ ಮದರಾಸು ಸರ್ಕಾರಕ್ಕೆ. ಬೇರೆ ಸರ್ಕಾರದ ಸೀಮೆಗೆ ಹುಡುಗಿಯನ್ನು ಹೇಗೆ ಕಳಿಸಲಿ ಎಂದು ಅವಳ ಚಿಂತೆ. “ಅವ್ಳಿಗ ಎರಡು ಸರ್ಕಾರದ ಮಾತೂ ಕೇಳ್ಸಲ್ಲ, ಕಳ್ಸವ್ವ” ಎಂದರಂತೆ ದೊಡ್ಡಮಾದಮ್ಮ. ಅಳುತ್ತಿದ್ದ ತಾಯಿ ನಕ್ಕುಬಿಟ್ಟಳು.

ಕರೆತಂದದ್ದೇನೋ ಆಯಿತು. ಆಮೇಲಿನ ಫಜೀತಿಯನ್ನು ಚರಕದ ಮನೆಯವರು ಈಗಲೂ ಹೊಟ್ಟೆ ಹಿಡಿದುಕೊಂಡು ನಗುತ್ತ ಹೇಳುತ್ತಾರೆ.

ರಾಟೆಗೆ ಬೇಕಾದ್ದು ತೋಳು, ಕಿವಿ ಯಾಕೆ ಎಂದುಕೊಂಡು ದೊಡ್ಡಮಾದಮ್ಮ ಮೊದಲು ಪುಟ್ಟಬಸಮ್ಮನನ್ನು ತಮ್ಮ ರಾಟೆಗೆ ಹಚ್ಚಿದರು. ಎಳೆ ಕಡಿಯಿತು. ಮೂವತ್ತು ವರ್ಷದ ರೂಢಿ, ‘ನಿಲ್ಲು’ ಎಂದು ಕೂಗಿದರು. ರಾಟೆ ತಿರುಗುತ್ತಲೇ ಇತ್ತು. ಇನ್ನೂ ಜೋರಾಗಿ ಕೂಗಿದರು, ಬೀದಿಯಲ್ಲಿ ಹೋಗುತ್ತಿದ್ದ ಗಾಡಿಯವನು ಎತ್ತು ನಿಲ್ಲಿಸಿದ, ಪುಟ್ಟಬಸಮ್ಮ ನಿಲ್ಲಿಸಲಿಲ್ಲ. ಲಡಿ ಕೆಟ್ಟುಹೋಯಿತು.

ಮರುದಿನ ನಿಂಗಯ್ಯ ರಾಟೆಗೆ ಬಂದ. ಅವನಿಗೆ ಕಿವಿ ಚೆನ್ನಾಗಿದೆಯಲ್ಲ ಎಂದು ಎಲ್ಲರಿಗೂ ಧೈರ್ಯ. ಆದರೆ ಇಲ್ಲಿ ಎಲ್ಲರ ಗಂಟಲೂ ಒಡೆದದ್ದೇ, ಎಲ್ಲರ ಕೂಗೂ ‘ನಿಲ್ಲು’ ಎಂದೇ. ಉಳಿದವರು ಹಬೆಯ ಸಂದಿಯಲ್ಲಿ ಕಣ್ಣೆತ್ತಿ ಯಾರ ಬಾಯಿ ತೆರೆದಿದೆ ಎಂದು ನೋಡಿಕೊಳ್ಳುತ್ತಾರೆ. ನಿಂಗಯ್ಯ ಏನು ನೋಡಬೇಕು? ಯಾವ ಒಲೆಯಿಂದ ಕೂಗು ಬಂದರೂ ಮರ್ಯಾದೆಯಿಂದ ರಾಟೆ ನಿಲ್ಲಿಸುತ್ತ ಹೋದ. ಮಧ್ಯಾಹ್ನವಾದರೂ ರಾಟೆಗೆ ನೂಲು ಹತ್ತಲಿಲ್ಲ.

“ಒಬ್ಳು ಯಾರ ಮಾತ್ಗೂ ನಿಲ್ಲಲ್ಲ, ಒಬ್ಬ ಎಲ್ಲರ ಮಾತ್ಗೂ ನಿಲ್ತಾನ. ಇಬ್ರುನ್ನೂ ಅರ್ಧರ್ಧ ಕೂಯ್ದು ಒಂದಾಳು ಮಾಡಮ್ಮಿ ಅಂದ್ರು ಯಜಮಾನ್ರು” ಎಂದು ದೊಡ್ಡಮಾದಮ್ಮ ತಾವೇ ನಗುತ್ತಾರೆ. ಆವತ್ತು ಮಾತ್ರ ನಗು ಬಂದಿರಲಿಲ್ಲ. ಇಬ್ಬರನ್ನೂ ಹಿಂದಕ್ಕೆ ಕಳಿಸಬೇಕಲ್ಲ ಎಂದು ಅನ್ನ ಸೇರಲಿಲ್ಲವಂತೆ.

ದಾರಿ ತೋರಿಸಿದವಳು ಪುಟ್ಟಬಸಮ್ಮ. ಕೆಲಸವಿಲ್ಲದೆ ಬಾಗಿಲ ಬಳಿ ಕುಳಿತು ಎಲ್ಲ ನೋಡುತ್ತಿದ್ದವಳು ಎದ್ದು ಬಂದು, ಗೂಡಿನ ಗೋಣಿಯಿಂದ ಒಂದು ಸೆಣಬಿನ ದಾರ ಬಿಚ್ಚಿಕೊಂಡಳು. ಒಂದು ತುದಿಯನ್ನು ತನ್ನ ಕಾಲಿನ ಹೆಬ್ಬೆರಳಿಗೆ ಕಟ್ಟಿ, ಇನ್ನೊಂದನ್ನು ನಿಂಗಯ್ಯನ ಎಡಗೈ ಮಣಿಕಟ್ಟಿಗೆ ಸುತ್ತಿದಳು. ಆಮೇಲೆ ಎಲ್ಲರ ಕಡೆ ತಿರುಗಿ, ತೋಳಿನಲ್ಲಿ ಮಗುವನ್ನು ತೂಗುವ ಸನ್ನೆ ಮಾಡಿದಳು. ಹೆಂಗಸರಿಗೆಲ್ಲ ಥಟ್ಟನೆ ಅರ್ಥವಾಯಿತು. ತೊಟ್ಟಿಲ ಹಗ್ಗವನ್ನು ಕಾಲಿಗೆ ಕಟ್ಟಿಕೊಂಡು ಮುದ್ದೆ ತಿರುವದ ತಾಯಿ ಈ ಸೀಮೆಯಲ್ಲಿ ಯಾರಿದ್ದಾರೆ? ತಮ್ಮನ ಅಳು ಕೇಳದ ಪುಟ್ಟಬಸಮ್ಮ ಅದೇ ಹಗ್ಗ ಕಟ್ಟಿಕೊಂಡು ಮಲಗುತ್ತಿದ್ದಳಂತೆ. ಮಗು ಮಿಸುಕಿದರೆ ಹಗ್ಗ ಎಳೆಯುತ್ತದೆ, ಅವಳಿಗೆ ಎಚ್ಚರವಾಗುತ್ತದೆ.

ಅವಳು ಒಲೆಯ ಮುಂದೆ, ಅವನು ರಾಟೆಗೆ. ಒಂದು ಸಲ ಎಳೆದರೆ ನಿಲ್ಲು, ಎರಡು ಸಲ ಎಳೆದರೆ ತಿರುಗಿಸು. ಯಾರು ಎಷ್ಟೇ ಕೂಗಲಿ, ನಿಂಗಯ್ಯನಿಗೆ ದಾರದ ಮಾತೊಂದೇ. ಅಂದಿನಿಂದ ಊಟದ ಬಿಡುವಿನಲ್ಲಿ ಅಭ್ಯಾಸ ನಡೆದು, ಇವತ್ತು ಪರೀಕ್ಷೆಗೆ ಬಂದು ನಿಂತಿದೆ.

ಹೊತ್ತು ಏರುತ್ತಿದೆ. ಎಳೆ ಕಡಿಯುತ್ತದೆ, ಹೆಬ್ಬೆರಳು ಮಡಚಿಕೊಳ್ಳುತ್ತದೆ, ರಾಟೆ ನಿಲ್ಲುತ್ತದೆ; ಎಳೆ ಕೂಡುತ್ತದೆ, ಮತ್ತೆ ರಾಟೆ. ಉಳಿದ ಒಲೆಗಳವರು ಕೂಗುವುದನ್ನೇ ಮರೆತು ಇತ್ತ ನೋಡುತ್ತಿದ್ದಾರೆ, ಅವರ ನೂಲಿನ ಗತಿ ಮಲೆ ಮಾದಪ್ಪನಿಗೇ ಪ್ರೀತಿ. ನಾನು ಪತ್ರಿಕೆಯವನು, ಯಾರ ಕಡೆಯೂ ಸೇರಬಾರದು. ಆದರೂ ಸುಳ್ಳು ಯಾಕೆ, ಬರೆಯುವುದನ್ನು ಬಿಟ್ಟು ನಾನೂ ಆ ಹೆಬ್ಬೆರಳನ್ನೇ ನೋಡುತ್ತಿದ್ದೇನೆ. ಕೆಂಪನಂಜಪ್ಪ ಮಾತ್ರ ಕೈ ಕಟ್ಟಿ ನಿಂತು ಲಡಿಯನ್ನೇ ದಿಟ್ಟಿಸುತ್ತಿದ್ದಾರೆ.

ಊಟಕ್ಕೆ ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ದೊಡ್ಡಮಾದಮ್ಮ ನನ್ನ ತೋಳು ಹಿಡಿದು ನೆಲ ತೋರಿಸುತ್ತಾರೆ. ಬೆಳಗಿನಿಂದ ಚೆಲ್ಲಿದ ಬಿಸಿನೀರಿನಲ್ಲಿ ನೆಂದು ಸೆಣಬಿನ ದಾರ ಎಳೆಎಳೆಯಾಗಿ ಬಿಟ್ಟುಕೊಳ್ಳುತ್ತಿದೆ. ಹೇಳುವಂತಿಲ್ಲ, ಕರಾರು. ಅಷ್ಟರಲ್ಲಿ ರೇಷ್ಮೆಯ ಎಳೆ ಕಡಿಯುತ್ತದೆ. ಪುಟ್ಟಬಸಮ್ಮ ಹೆಬ್ಬೆರಳು ಎಳೆಯುತ್ತಾಳೆ. ದಾರ ಪಟ್ಟನೆ ತುಂಡಾಗುತ್ತದೆ.

ದೊಡ್ಡಮಾದಮ್ಮ ಎದ್ದು ನಿಂತಿದ್ದಾರೆ. ಕತ್ತಿನ ನರ ಉಬ್ಬಿದೆ, ಕೂಗು ಗಂಟಲಿಗೆ ಬಂದಿದೆ. ಸೆರಗನ್ನು ಬಾಯಿಗೆ ತುರುಕಿಕೊಂಡು ಕಣ್ಣು ಮುಚ್ಚಿಕೊಳ್ಳುತ್ತಾರೆ.

ರಾಟೆಯ ಸದ್ದಿಲ್ಲ. ಕಣ್ಣು ಬಿಟ್ಟು ನೋಡಿದರೆ ಅದು ಆಗಲೇ ನಿಂತಿದೆ. ಕಡಿದ ಎಳೆಯ ತುದಿ ಲಡಿಯ ಮೇಲೇ ಇದೆ, ಪುಟ್ಟಬಸಮ್ಮ ಎದ್ದು ಬಂದು ಅದನ್ನು ಹಿಡಿದುಕೊಳ್ಳುತ್ತಾಳೆ.

“ಯಾರ್ಲಾ ಏಳುದ್ರು ನಿಂಗ ನಿಲ್ಸು ಅಂತ?” ಎಂದು ಕೆಂಪನಂಜಪ್ಪ ಗದರುತ್ತಾರೆ. ಯಾರೋ ಕದ್ದು ಸೂಚನೆ ಕೊಟ್ಟರೆಂದು ಅವರ ಗುಮಾನಿ.

“ಯಾರೂ ಏಳ್ನಿಲ್ಲ ಯಜಮಾನ್ರೆ. ಕೈಲಿದ್ದ ದಾರ ಅಗುರಾಯ್ತು,” ಎನ್ನುತ್ತಾನೆ ನಿಂಗಯ್ಯ. “ಆ ಕಡ ಆಳಿಲ್ಲ ಅಂದ್ಮೇಲ ಯಾರ್ಗ ಅಂತ ತಿರುಗ್ಸಾದು?”

ಯಜಮಾನರು ಲಡಿಯನ್ನು ಬೆಳಕಿಗೆ ತಿರುಗಿಸಿ ಹೆಬ್ಬೆಟ್ಟಿನಿಂದ ನೂಲು ಸವರುತ್ತಾರೆ. ಮೇಲಿನಿಂದ ಕೆಳಕ್ಕೆ ಒಮ್ಮೆ, ನಂಬಿಕೆ ಬಾರದೆ ಇನ್ನೊಮ್ಮೆ. ಎಲ್ಲರ ಉಸಿರೂ ಅವರ ಹೆಬ್ಬೆಟ್ಟಿನ ತುದಿಯಲ್ಲಿದೆ. ಕೊನೆಗೆ ಬಗ್ಗಿ, ನೆಲದ ಮೇಲಿದ್ದ ತುಂಡು ದಾರವನ್ನು ಎತ್ತಿ ಹಿಡಿದು ಮುಖ ಸಿಂಡರಿಸುತ್ತಾರೆ.

“ರೇಷ್ಮೆ ಮನೇಲಿ ಸೆಣಬಿನ ದಾರ ಕಟ್ಕಂಡವ್ರ, ನೋಡ್ದೋರು ನಗಾಡಕ್ಕಾ? ಮಾದಮ್ಮ, ನಾಳಕ್ಕ ರೇಷ್ಮೇಲೇ ಗಟ್ಟಿಯಾಗಿ ಒಂದು ಹುರಿ ಮಾಡ್ಸಿ ಕೊಡು. ದಿನಾ ಕಿತ್ತೋದ್ರ ಒಲೆ ನಡುದಾಂಗೇ.”

ದಿನಾ ಎಂದರು. ಆ ಒಂದು ಮಾತು ಅರ್ಥವಾಗಲು ಕ್ಷಣ ಹಿಡಿಯಿತು, ಆಮೇಲೆ ನೋಡಿ ಚರಕದ ಮನೆಯ ಗದ್ದಲವನ್ನು. ನಿಂಗಯ್ಯನ ಬೆನ್ನಿಗೆ ಬಿದ್ದ ಗುದ್ದುಗಳಿಗೆ ಲೆಕ್ಕವಿಲ್ಲ. ದೊಡ್ಡಮಾದಮ್ಮ ಪುಟ್ಟಬಸಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತು ಒಲೆ ತೋರಿಸುತ್ತಾರೆ, ಅವಳ ಎದೆ ಮುಟ್ಟುತ್ತಾರೆ. ನಿನ್ನದು. ಅವಳು ನಂಬದೆ ಯಜಮಾನರ ಮುಖ ನೋಡುತ್ತಾಳೆ. ಕೆಂಪನಂಜಪ್ಪನವರೂ, ಹೂಂ ಎನ್ನುವುದಕ್ಕೆ ಯಾವ ಸನ್ನೆಯೆಂದು ತಿಳಿಯದೆ, ಟವೆಲು ಒದರಿ ಒಲೆಯ ಕಡೆ ಕೈ ತೋರಿಸಿ ಊಟಕ್ಕೆ ನಡೆಯುತ್ತಾರೆ.

ಮರುದಿನ ಬೆಳಿಗ್ಗೆ ಬಸ್ಸು ಹತ್ತುವ ಮುಂಚೆ ಮತ್ತೆ ಹೋಗುತ್ತೇನೆ. ಪುಟ್ಟಬಸಮ್ಮನ ಕಾಲ್ಬೆರಳಿಗೆ ಹಳದಿ ರೇಷ್ಮೆಯ ಹುರಿ ಬಂದಿದೆ, ಮದುವಣಗಿತ್ತಿಯ ಠೀವಿಯಲ್ಲಿ ಕುಳಿತಿದ್ದಾಳೆ. ನಿಮಗೇನು ಆಸೆಯಿದೆ ಎಂದು ದೊಡ್ಡಮಾದಮ್ಮನನ್ನು ಕೇಳುತ್ತೇನೆ. ಆಕೆ ಯೋಚಿಸುವುದಿಲ್ಲ. “ಗಂಟ್ಲು ಸೋತದ ಸಾ. ಕೂಗ್ದಂಗ ಒಂದಿನ ಕೆಲ್ಸ ಮಾಡ್ಬೇಕು” ಎಂದವರೇ ಸೀರೆ ಸರಿಸಿ, ಬಿರುಕು ಬಿಟ್ಟ ಪಾದವನ್ನು ಪುಟ್ಟಬಸಮ್ಮನ ಮುಂದೆ ಚಾಚುತ್ತಾರೆ. ಅವಳು ನಗುತ್ತ ಉಳಿದ ಹುರಿಯನ್ನು ಹೆಬ್ಬೆರಳಿಗೆ ಕಟ್ಟಿ, ಬಿಗಿಯಾಯಿತೇ ಎಂದು ಎಳೆದು ನೋಡುತ್ತಾಳೆ. ಅತ್ತ ಬೇರೆ ಇಬ್ಬರು ಹೆಂಗಸರೂ ದಾರ ಹುಡುಕುತ್ತಿದ್ದಾರೆ.

ನಾನು ಹೊರಡಲು ಎದ್ದಾಗ ದೊಡ್ಡಮಾದಮ್ಮ ಕೂಗುವುದಿಲ್ಲ, ಕೈ ಸನ್ನೆ ಮಾಡಿ ಹತ್ತಿರ ಕರೆಯುತ್ತಾರೆ.

“ನನ್ನ ವಿಚಾರ ಎಷ್ಟಾರ ಬರ್ಕಳಿ ಸಾ. ಇದ ಕಲ್ಸಿದೋಳ ಎಸ್ರ ಮಾತ್ರ ಬುಡಬ್ಯಾಡಿ. ಪುಟ್ಟಬಸಮ್ಮ.”