ಮುಳ್ಳಕ್ಕನ ಗೋಡೆ, ಟೇಲರ್ ಹಾಕಿದ ಗಂಟು

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಹೆರಿಗೆ ಆಸ್ಪತ್ರೆಯ ಹಿಂಬದಿಯ ಕಾಂಪೌಂಡ್ ಗೋಡೆಯ ಪಕ್ಕ ಏಣಿ ಹತ್ತಿ ನಿಂತ ಹೆಂಗಸೊಬ್ಬರು ಗುಲಾಬಿ ಬಳ್ಳಿಯನ್ನು ಗದರುತ್ತಿದ್ದಾರೆ. "ಎಲ್ಲಿಗೆ ಹೊರಟೆ ತಾಯಿ, ಆಕಾಶಕ್ಕಾ? ಅಲ್ಲಿ ಯಾರಿದಾರೆ ನಿನ್ನ ನೋಡೋಕೆ? ಬಾ ಈ ಕಡೆ." ಹೇಳುತ್ತಲೇ ಎಳೆಯ ಕೊಂಬೆಯನ್ನು ಎರಡೂ ಕೈಯಲ್ಲಿ ಹಿಡಿದು ಒಂದಿಷ್ಟೇ ಬಾಗಿಸಿ, ಗೋಡೆಗುಂಟ ಅಡ್ಡಡ್ಡ ಎಳೆದಿರುವ ತಂತಿಗೆ ಬಟ್ಟೆಯ ಪಟ್ಟಿಯಿಂದ ಕಟ್ಟುತ್ತಾರೆ. ಇನ್ನಷ್ಟು ಬಾಗಿಸುವುದು ಮುಂದಿನ ವಾರಕ್ಕೆ. ಅವಸರ ಮಾಡಿದರೆ ಪಟ್ಟಂತ ಮುರಿದುಹೋಗುತ್ತದಂತೆ.

ಆಯಾಗಳಿಂದ ಹಿಡಿದು ದೊಡ್ಡ ಡಾಕ್ಟರ್‌ವರೆಗೆ ಎಲ್ಲರಿಗೂ ಈ ತೋಟಗಾರ್ತಿ 'ಮುಳ್ಳಕ್ಕ'. ಮೊಣಕೈವರೆಗೆ ಗೀರು ಗಾಯಗಳಿರುವುದರಿಂದ ಆ ಹೆಸರು ಬಂತೆಂದು ಆಕೆ, ಅವರ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ. ನಾಲಿಗೆಯಿಂದ ಬಂತೆಂದು ವಾಚ್‌ಮನ್ ಹೇಳುತ್ತಾನೆ, ಅದೂ ಆಕೆ ದೂರದಲ್ಲಿರುವುದನ್ನು ಖಾತ್ರಿ ಮಾಡಿಕೊಂಡು.

ನೂರಿಪ್ಪತ್ತು ಅಡಿ ಉದ್ದದ ಗೋಡೆಗೆ ನೆಟ್ಟಿದ್ದು ಬರೀ ಹದಿನೈದು ಗಿಡ. ಒಂದಕ್ಕೂ ಇನ್ನೊಂದಕ್ಕೂ ಎಂಟು ಅಡಿ ಅಂತರ, ಗೋಡೆಯಿಂದ ಒಂದೂವರೆ ಅಡಿ ಈಚೆಗೆ. ಗೋಡೆಯ ಬುಡದ ಮಣ್ಣು ಒಣಕಲು, ಬೇರಿಗೆ ನೀರು ಸಿಗುವುದಿಲ್ಲ. ಕೊಂಬೆ ನೆಟ್ಟಗೆ ಬೆಳೆದರೆ ತುದಿಯಲ್ಲಷ್ಟೇ ನಾಲ್ಕು ಹೂವು; ಮಲಗಿಸಿ ಕಟ್ಟಿದರೆ ಉದ್ದಕ್ಕೂ ಚಿಗುರೊಡೆದು ಚಿಗುರಿಗೊಂದು ಗೊಂಚಲು. "ಶುರೂನಲ್ಲಿ ಎರಡು ವರ್ಷ ಗೋಡೆ ಬೋಳು ಬೋಳಾಗಿತ್ತು ಮೇಡಂ. ಬಂದವರೆಲ್ಲ ಇದೇನ್ರೀ ಹಲ್ಲುದುರಿದ ಬಾಯಿ ಥರ ಅಂತಿದ್ರು. ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ. ಇವತ್ತು ನೋಡಿ, ಇಟ್ಟಿಗೆ ಎಲ್ಲಾದ್ರೂ ಕಾಣುತ್ತಾ?"

ಕಾಣುವುದಿಲ್ಲ. ಒಂದೇ ಒಂದು ಖಾಲಿ ಜಾಗ ಬಿಟ್ಟರೆ ತಿಳಿಗುಲಾಬಿ ಬಣ್ಣದ ಹೂಗಳು ಗೋಡೆಯನ್ನು ಹೊದಿಕೆಯಂತೆ ಮುಚ್ಚಿವೆ. ಹೆರಿಗೆಗೆಂದು ಒಳಗೆ ಹೋದವರ ಸುದ್ದಿಗಾಗಿ ಕಾಯುವವರು ಇದರ ಪಕ್ಕವೇ ಶತಪಥ ತಿರುಗುತ್ತಾರೆ. ಹೊಸದಾಗಿ ಅಪ್ಪನಾದವರು ಆಚೀಚೆ ನೋಡಿ ಒಂದು ಹೂವು ಚಿವುಟುವುದೂ ಉಂಟು. "ಮಗು ಮುಖ ನೋಡಿ ಬಂದು ಕಿತ್ರೆ ಏನೂ ಅನ್ನಲ್ಲ. ಫೋನಲ್ಲಿ ಮಾತಾಡ್ತಾ ಸುಮ್ಮಸುಮ್ಮನೆ ಕೀಳ್ತಾರಲ್ಲ, ಅವರಿಗೆ ಮಾತ್ರ ನನ್ನ ಹತ್ರ ಪೂಜೆ ಇದೆ!"

ಇಷ್ಟೆಲ್ಲ ನಗುವ ಮುಳ್ಳಕ್ಕನ ಮನೆಯಲ್ಲಿ ಎರಡು ವರ್ಷ ನಗುವೇ ಇರಲಿಲ್ಲ. ಗಂಡ ಟೇಲರ್. ಆಸ್ಪತ್ರೆಯ ಎದುರಿನ ಗಲ್ಲಿಯಲ್ಲಿ ಪುಟ್ಟ ಅಂಗಡಿ ಇಟ್ಟುಕೊಂಡು ಮಕ್ಕಳ ಬಟ್ಟೆ ಹೊಲಿಯುತ್ತಿದ್ದವರು. ಬಾಯಿ ತೆಗೆದರೆ ತಮಾಷೆ, ಮುಚ್ಚಿದರೆ ಹಾಡು. ಕಣ್ಣು ಮಸುಕಾಗುತ್ತಾ ಬಂದು, ಸೂಜಿಗೆ ದಾರ ಪೋಣಿಸಲಾಗದೆ ಅಂಗಡಿಗೆ ಬೀಗ ಹಾಕಿದರು. ಅಂದಿನಿಂದ ಮಂಚದ ತುದಿಯಲ್ಲಿ ಕೂತವರು ಕೂತೇ ಇದ್ದರು. "ಬೈದ್ರೂ ಉತ್ತರ ಇಲ್ಲ. ಉಪ್ಪಿಲ್ಲದ ಸಾರು ಬಡಿಸಿದ್ರೂ ಸುಮ್ನೆ ಉಣ್ಣೋರು. ನಮ್ಮವರು ಬದುಕಿದ್ದಾಗಲೇ ಕಳೆದುಹೋಗ್ತಾರೇನೋ ಅಂತ ಭಯ ಆಗೋಯ್ತು," ಎನ್ನುತ್ತಾರೆ ಮುಳ್ಳಕ್ಕ.

ಕಳೆದ ವರ್ಷ ಆಕೆ ಅವರನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಗೋಡೆಯ ಬಳಿ ಬಂದರು. ಅಂಗಡಿಯಲ್ಲಿ ಉಳಿದ ಬಟ್ಟೆ ಚೂರುಗಳನ್ನು ಉದ್ದ ಪಟ್ಟಿಗಳಾಗಿ ಹರಿದು ಕೊಟ್ಟು, ಕೆಳಗಿನ ಕೊಂಬೆಗಳನ್ನು ಕಟ್ಟಿ ಎಂದರು. ಟೇಲರ್ ಕಟ್ಟಿದರು, ಥೇಟ್ ಗುಂಡಿ ಹೊಲಿದ ಹಾಗೆ! ಬಿಗಿಯಾಗಿ ಸುತ್ತಿ, ಗಂಟಿನ ಮೇಲೆ ಗಂಟು ಹಾಕಿ, ಬಾಲ ಕಾಣದಂತೆ ಚೊಕ್ಕವಾಗಿ ಕತ್ತರಿಸಿದರು. ನೋಡಲು ಬಲು ಚಂದ. ಆದರೆ ಕೊಂಬೆ ಗುಂಡಿಯಲ್ಲವಲ್ಲ, ಅದು ದಪ್ಪ ಆಗುತ್ತದೆ. ಮೂರು ತಿಂಗಳಲ್ಲಿ ಪಟ್ಟಿಗಳು ತೊಗಟೆಯೊಳಗೆ ಇಳಿದು, ಐದು ಗಿಡಗಳ ಎಲೆ ಹಳದಿಗಟ್ಟಿತು. ಮುಳ್ಳಕ್ಕನ ನಾಲಿಗೆ ತಡೆಯಲಿಲ್ಲ, ನಾಲ್ಕು ಜನರ ಎದುರೇ ಗದರಿಬಿಟ್ಟರು. ಟೇಲರ್ ಮನೆಗೆ ಹೋಗಿ ಮತ್ತೆ ಮಂಚದ ತುದಿ ಸೇರಿದರು.

"ಗಿಡ ಹೋದ್ರೆ ಇನ್ನೊಂದು ನೆಡಬಹುದು. ಗಂಡನ್ನ ಎಲ್ಲಿಂದ ತರ್ಲಿ? ನನ್ನ ಬಾಯಿಗೆ ಬೆಂಕಿ ಹಾಕ ಅಂತ ಎಷ್ಟು ಅತ್ತೆನೋ." ಇತ್ತ ಆ ಗಂಟುಗಳನ್ನು ಬಿಚ್ಚಲು ಆಕೆಯಿಂದಾಗಲಿಲ್ಲ. ಚಾಕು ಹಾಕಿದರೆ ತೊಗಟೆಯೂ ಕೂಡಿಯೇ ಬರುತ್ತಿತ್ತು. ಕೊನೆಗೆ ಮನೆಗೆ ಹೋಗಿ ಗಂಡನ ಮುಂದೆ ನಿಂತರು. "ರೀ, ನಿಮ್ಮ ಗಂಟು ನನ್ನ ಕೈಲಿ ಬಿಚ್ಚೋಕಾಗ್ತಿಲ್ಲ. ಬನ್ನಿ."

ಟೇಲರ್ ಸೂಜಿ ಹಿಡಿದು ಬಂದರು. ಕಣ್ಣು ಬೇಕಾಗಲೇ ಇಲ್ಲ. ಜೀವಮಾನವಿಡೀ ತಪ್ಪು ಹೊಲಿಗೆ ಬಿಚ್ಚಿದ ಬೆರಳುಗಳು ತಡವಿ, ಸೂಜಿಮೊನೆಯಿಂದ ಎಳೆ ಎಳೆಯಾಗಿ ಸಡಿಲಿಸಿ, ತೊಗಟೆಗೆ ಒಂದು ಗೀರೂ ಬೀಳದಂತೆ ಎಲ್ಲ ಗಂಟು ಬಿಚ್ಚಿದವು. ಮತ್ತೆ ಕಟ್ಟುವಾಗ ಎಷ್ಟು ಸಡಿಲ ಬಿಡಬೇಕೆಂದು ಅವರು ಕೇಳಿದ್ದಕ್ಕೆ ಮುಳ್ಳಕ್ಕ ಅಂದದ್ದು: "ಬೆಳೆಯೋ ಮಕ್ಕಳ ಅಂಗಿಗೆ ಒಳಗಡೆ ಬಟ್ಟೆ ಮಡಚಿ ಬಿಡ್ತಿದ್ರಲ್ಲ, ಹಾಗೆ." ಟೇಲರ್, "ಮೊದಲೇ ಹೀಗೆ ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಂಗೆ?" ಎಂದು ರೇಗಿದರಂತೆ. ಮುಳ್ಳಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕರಂತೆ, ಅತ್ತರಂತೆ, ಎರಡೂ.

ಐದು ಗಿಡಗಳಲ್ಲಿ ನಾಲ್ಕು ಚೇತರಿಸಿಕೊಂಡವು. ಈಗ ಕೆಳಗಿನ ಎರಡು ತಂತಿಗಳ ಪೂರ್ತಿ ಕೆಲಸ ಟೇಲರ್‌ದು. ನಾನು ಮಾತಾಡುತ್ತಿರುವಾಗಲೂ ಗೋಡೆಯ ಆ ತುದಿಯಲ್ಲಿ ಮೋಟು ಸ್ಟೂಲ್ ಮೇಲೆ ಕೂತು, ಪ್ರತಿ ಗಂಟಿನೊಳಗೂ ಕಿರುಬೆರಳು ತೂರಿಸಿ ನೋಡುತ್ತಿದ್ದಾರೆ. ಕಾಯುತ್ತಿರುವ ಗಂಡಂದಿರಿಗೆ ಅದೇನೋ ಹೇಳಿ ನಗಿಸುತ್ತಿದ್ದಾರೆ. ಹೂವು ಕಾಣುತ್ತದೆಯೇ ಎಂದು ಕೇಳಿದೆ. "ಬಣ್ಣ ತೆಳ್ಳಗೆ ಕಾಣುತ್ತಮ್ಮ. ವಾಸನೆಗೆ ಕಣ್ಣು ಯಾಕೆ? ಆದ್ರೆ ಸತ್ತ ಗಿಡದ ಜಾಗ ಖಾಲಿ ಇದೆ ನೋಡಿ, ಅಲ್ಲಿ ಏನು ಹಾಕಬೇಕು ಅನ್ನೋದು ಇವಳಿಗೆ ತಿಳಿಯಲ್ಲ," ಎಂದು ದನಿ ಏರಿಸಿದರು. ಏಣಿಯ ಮೇಲಿಂದ ಉತ್ತರವೂ ಬಂತು, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಹೊರಡುವ ಮುಂಚೆ, ನಿಮಗೇನಾದರೂ ಆಸೆ ಇದೆಯೇ ಎಂದು ಮುಳ್ಳಕ್ಕನನ್ನು ಕೇಳಿದೆ. ಏಣಿಯಿಂದ ಇಳಿದು, ಕೈ ಕೊಡವಿಕೊಂಡು, ಗಂಡನಿಗೆ ಕೇಳಿಸದಂತೆ ಹತ್ತಿರ ಬಂದರು.

"ಅದೇ ಖಾಲಿ ಜಾಗದ ವಿಷ್ಯಕ್ಕೆ ನಿನ್ನೆ ಊಟಕ್ಕೆ ಕೂತಾಗ ಜಗಳ ಶುರು ಮಾಡಿದ್ರು ಮೇಡಂ. ಬಿಳಿ ಗುಲಾಬಿ ಬೇಕಂತೆ ಇವರಿಗೆ. ತಟ್ಟೆ ಕುಟ್ಟಿ ಮಾತಾಡಿದ್ರು. ನಾನೂ ಬಿಡ್ಲಿಲ್ಲ. ಸಾರಿಗೆ ಉಪ್ಪು ಕಮ್ಮಿ ಅಂತ ಅದನ್ನೂ ಸೇರಿಸಿ ಬೈದ್ರು," ಎಂದರು. ಮುಖ ಅರಳಿತ್ತು. "ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬಾ ಉಂಡೆ."