ತಮ್ಮನ ಮುಖ

ಭೂಮಿ ಕೇಳಿ ಕಾಡಿನೊಳಗೆ ಗುಡಿಸಲು ಹಾಕಿದ್ದ ಆದಿವಾಸಿಗಳನ್ನು ಪೊಲೀಸರು ಹೊಡೆದೋಡಿಸಿದ ವರ್ಷ ನಾನು ಕರ್ನಾಟಕದ ಗಡಿಯಾಚೆ, ಕಾಟ್ಟಿಕುಳಂ ಕಡೆಯ ಒಂದು ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದೆ. ಗುಡಿಸಲುಗಳು ಸುಟ್ಟು ಬೂದಿಯಾಗಿದ್ದವು. ಕಾಡಿನವರು ಬಸ್ಸು ಹತ್ತಿದರೆ ಪಕ್ಕದಲ್ಲಿ ಕೂತವರು ಎದ್ದು ನಿಲ್ಲುತ್ತಿದ್ದರು. ಪೊಲೀಸರು ಬಸ್ಸು ತಡೆದು ಮೈಬಣ್ಣ ನೋಡಿಯೇ ಜನರನ್ನು ಕೆಳಗಿಳಿಸುತ್ತಿದ್ದರು. ನಕ್ಸಲರ ನಂಟು ಎಂದರೆ ಸಾಕು, ಬೇರೆ ಕಾರಣ ಬೇಕಿರಲಿಲ್ಲ.

ಚಿತ್ರ ಬಿಡಿಸುವ ನಾವು ಕೆಲವರು ಸೇರಿ ಊರಿನ ವಾಚನಾಲಯದಲ್ಲಿ ಒಂದು ಪ್ರದರ್ಶನ ಇಟ್ಟೆವು. ಪತ್ರಿಕೆ ಓದುವ ಬೆಂಚುಗಳನ್ನು ಹೊರಗಿಟ್ಟು, ಗೋಡೆಯುದ್ದಕ್ಕೂ ಹುರಿ ಕಟ್ಟಿ ಚಿತ್ರಗಳನ್ನು ತೂಗುಹಾಕಿದೆವು. ಹೆಚ್ಚಿನವು ಇದ್ದಿಲಿನಲ್ಲಿ ಬರೆದವು. ಉರಿಯುವ ಹುಲ್ಲುಮಾಡು, ಬೂಟುಗಾಲು, ಬೆನ್ನು ತೋರಿಸಿ ಓಡುವ ಜನ.

ಶಾಲೆಯ ಹಿಂದಿನ ಶುಂಠಿ ಹೊಲದಲ್ಲಿ ಕೂಲಿ ಮಾಡುತ್ತಿದ್ದ ಹೆಂಗಸು ಮೊದಲ ದಿನವೇ ಬಂದಳು. ಕಾಡಿನವಳು. ಆ ಗಲಾಟೆಯಲ್ಲಿ ಜೈಲಿಗೆ ಹೋಗಿ ಬಂದಿದ್ದಳು. ಒಂದು ಕಿವಿ ಕೇಳಿಸುತ್ತಿರಲಿಲ್ಲ. ಎಲ್ಲ ಚಿತ್ರಗಳನ್ನೂ ನೋಡಿ ನನ್ನ ಹತ್ತಿರ ಬಂದಳು.

"ಮಾಷೇ, ಇದ್ರಲ್ಲಿ ಯಾರ್ಗೂ ಮುಖನೇ ಇಲ್ವಲ್ಲ?"

ಓಡುವ ಜನರ ಚಿತ್ರದತ್ತ ತಿರುಗಿ ನೋಡಿ ಮತ್ತೆ ಕೇಳಿದಳು.

"ನನ್ ತಮ್ಮಂದು ಬರೀತೀರಾ? ಅವನ್ದು ಒಂದ್ ಫೋಟೋನೂ ಇಲ್ಲ."

ತಮ್ಮ ಏಟು ತಿಂದು ಹೊಳೆ ದಾಟಿ, ಕರ್ನಾಟಕದ ಕಡೆ ನೆಂಟರ ಗುಡಿಸಲುಗಳಿದ್ದ ಹಾಡಿ ಸೇರಿದ್ದ. ಅಲ್ಲೇ ಸತ್ತ. ಮಣ್ಣು ಮಾಡಿದ್ದೂ ಅಲ್ಲೇ. ಅವಳು ಆಗ ಜೈಲಿನಲ್ಲಿದ್ದಳು.

ಅವಳನ್ನು ಎದುರಿಗೆ ಕೂರಿಸಿಕೊಂಡು ಬರೆಯತೊಡಗಿದೆ. "ಮೂಗು ಇಂಗಲ್ಲ, ಇನ್ನೊಸಿ ಚಪ್ಪಟೆ," ಎನ್ನುವಳು. "ನಗೋವಾಗ ಒಂದ್ ಕಣ್ಣು ಸಣ್ಣಗಾಗದು." ಅಳಿಸಿ ಅಳಿಸಿ ಕಾಗದ ತೆಳ್ಳಗಾಯಿತು. ಕೊನೆಗೆ ಚಿತ್ರದ ಕೆನ್ನೆಯ ಹತ್ತಿರ ಕೈ ತಂದು, ಮುಟ್ಟದೆ, "ಶೆರಿ, ಇವ್ನೇ," ಎಂದಳು.

ಅದನ್ನು ಬಾಗಿಲಿನ ಎದುರಿಗೇ ತೂಗುಹಾಕಿದೆವು. ಮರುದಿನ ಅವಳ ಹಾಡಿಯವರೆಲ್ಲ ಬಂದು ಅದರ ಮುಂದೆ ನೆಲದ ಮೇಲೆ ಕೂತರು. ಅದೇ ಮಧ್ಯಾಹ್ನ ಪೊಲೀಸರೂ ಬಂದರು.

"ಯಾರು ಇವನು?" ಅಧಿಕಾರಿ ಕೇಳಿದ.

"ನನ್ ತಮ್ಮ."

"ಎಲ್ಲಿದ್ದಾನೆ?"

"ಮಣ್ಣಲ್ಲಿ."

ಆ ಗಲಾಟೆಯ ಕೇಸಿನಲ್ಲಿ ಅವನೂ ಆರೋಪಿ. ಸತ್ತ ಎನ್ನುವುದಕ್ಕೆ ಕಾಗದವಿಲ್ಲ, ಆದ್ದರಿಂದ ತಲೆಮರೆಸಿಕೊಂಡಿದ್ದಾನೆ ಎಂದು ಅಧಿಕಾರಿ ಹೇಳಿದ. ಚಿತ್ರವನ್ನು ಹುರಿಯಿಂದ ಕಿತ್ತು ಸುರುಳಿ ಸುತ್ತಿದ.

"ಬನ್ನಿ ಸಾರ್, ತೋರಿಸ್ತೀನಿ," ಎಂದು ಅವಳು ಹೊರಟೇಬಿಟ್ಟಳು. ಅವಳ ಜೊತೆ ನಾನೂ ಜೀಪು ಹತ್ತಿದೆ. ಹೊಳೆದಂಡೆಯಲ್ಲಿ ಇಳಿದು, ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದದ ನೀರಿಗಿಳಿದಳು. ಅಧಿಕಾರಿ ಮಾತ್ರ ದಡದಲ್ಲೇ ನಿಂತ.

"ಆಚೆ ಕರ್ನಾಟಕ. ನಮ್ಮದಲ್ಲ."

"ಇಲ್ಲೇ ಸಾರ್, ಆ ಬಿದಿರುಮೆಳೆ ಹಿಂದೆ. ಕೂಗಿದ್ರೆ ಕೇಳ್ತದೆ."

ಜೀಪು ತಿರುಗಿ ಹೋಯಿತು. ಅವಳು ನೀರಿನಲ್ಲೇ ನಿಂತಿದ್ದಳು. ನಾನು ಕರೆದೆ, ಕೇಳದ ಕಿವಿ ನನ್ನ ಕಡೆಗಿತ್ತು. ಕೊನೆಗೆ ಇಳಿದು ಹೋಗಿ ಕೈಹಿಡಿದು ಕರೆತಂದೆ.

ಪ್ರದರ್ಶನ ಅಂದೇ ಮುಚ್ಚಿತು. ವಾಚನಾಲಯದವರು ಹುರಿ ಬಿಚ್ಚಿ ಬೆಂಚುಗಳನ್ನು ಒಳಗೆ ತಂದರು. ಸ್ವಲ್ಪ ದಿನಕ್ಕೆ ನಾನು ಬರೆದ ಆ ಮುಖದ ಅಚ್ಚುಪ್ರತಿ, 'ಪೊಲೀಸರಿಗೆ ಬೇಕಾದವನು' ಎಂಬ ತಲೆಬರಹದಡಿ, ಗಡಿಯ ಚೆಕ್‌ಪೋಸ್ಟಿನ ಗೋಡೆ ಮೇಲೆ ಕಾಣಿಸಿಕೊಂಡಿತು. ಅವನನ್ನು ಹುಡುಕುವ ನೆಪದಲ್ಲಿ ಹಾಡಿಗೆ ಮತ್ತೆ ಮತ್ತೆ ಜೀಪು ಬಂತು. ಗಂಡಸರು ಕಾಡಿನಲ್ಲಿ ಮಲಗತೊಡಗಿದರು.

ಮಳೆಗಾಲ ಕಳೆದ ಮೇಲೆ ಅವಳು ನಮ್ಮ ಮನೆಗೆ ಬಂದಳು.

"ಇನ್ನೊಂದು ಬರೀರಿ ಮಾಷೇ. ಎಲ್ಲೂ ತೂಗಾಕದು ಬ್ಯಾಡ. ಮನೇಲಿ ಇಟ್ಕೋತೀನಿ."

ಕಾಗದ ಹಾಸಿ ಕೂತೆ. ಮೂಗು ಬರೆದು ಅವಳತ್ತ ನೋಡಿದೆ. ತಮ್ಮನನ್ನು ನೆನೆಯಲು ಕಣ್ಣು ಮುಚ್ಚಿದ್ದಳು.

"ಅವನ್ ಮುಖ ಬರಲ್ಲ ಮಾಷೇ," ಎಂದಳು. "ಕಣ್ಣು ಮುಚ್ಚಿದ್ರೆ ಆ ಚೆಕ್‌ಪೋಸ್ಟ್ ಗೋಡೆ ಮೇಲಿನ್ದೇ ಕಾಣ್ತದೆ."

ನನ್ನ ಹೆಂಡತಿ ತಂದಿಟ್ಟ ಹಾಲಿಲ್ಲದ ಕಟ್ಟನ್ ಚಹಾ ಕುಡಿದಳು, ಲೋಟ ತೊಳೆದಿಟ್ಟಳು. ಶುಂಠಿ ಕೀಳುವ ಕಾಲವಾಗಿತ್ತು, ಹೊಲಕ್ಕೆ ಹೋದಳು.